ಬೇರೆ ಮಾತ್ರೆ ಇಲ್ಲ

ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಕ್ಕನ ತುಂಬು ಅಕ್ಕರೆ.

ಬದುಕಿದ್ದೇನೆ, ಗಾಬರಿಯಾಗಬೇಡ. ಆದರೆ ಈ ಕಾಗದ ಕೈಸೇರಿದ ತಕ್ಷಣ ಬಂದು ನನ್ನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ನಿನ್ನ ಭಾವನ ಮೇಲೆ ನನಗೆ ಅನುಮಾನ ಬಂದಿದೆ.

ಎದೆ ಕೊಯ್ದು ಹೃದಯಕ್ಕೆ ಹೊಸ ಕವಾಟ ಕೂರಿಸಿದ ಗಾಯವೇನೋ ಮಾಯಿತು. ಕವಾಟ ಒಳಗೇ ಟಿಕ್ ಟಿಕ್ ಅನ್ನುತ್ತದೆ. ಗಡಿಯಾರ ರಿಪೇರಿಯವರನ್ನು ಕಟ್ಟಿಕೊಂಡ ತಪ್ಪಿಗೆ ನಾನೇ ಗಡಿಯಾರವಾದೆ ನೋಡು! ಅವರು ಕಿವಿಗೊಟ್ಟು ಕೇಳಿ, ಸರಿಯಾಗಿ ನಡೀತಿದೆ ಕಣೇ ಅಂತ ಖುಷಿಪಡುತ್ತಿದ್ದರು. ತೊಂದರೆ ಶುರುವಾದದ್ದು ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟ ಮಾತ್ರೆಯಿಂದ. ತೋಳು, ತೊಡೆಯೆಲ್ಲ ನೀಲಿಗಟ್ಟಿದೆ. ಹಲ್ಲುಜ್ಜಿದರೆ ಬಾಯೆಲ್ಲ ರಕ್ತ. ಮೊನ್ನೆ ಗುಂಡಿ ಹಚ್ಚುವಾಗ ಸೂಜಿ ಚುಚ್ಚಿ, ರಕ್ತ ನಿಲ್ಲದೆ ಗಿರಾಕಿಯ ಬಿಳಿ ಅಂಗಿ ಹಾಳಾಯಿತು.

ಆ ಮಾತ್ರೆ ಕೊಡುವುದು ಇವರೇ. ರಿಪೇರಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುತ್ತಾರೆ. ಡಾಕ್ಟರಮ್ಮ ರಕ್ತಪರೀಕ್ಷೆ ನೋಡಿ, ಹೀಗೇ ಆದ್ರೆ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಅಪಾಯ ಅಂತ ಮಾತ್ರೆ ಕಡಿಮೆ ಮಾಡಿದರು. ಆದರೂ ರಕ್ತ ಸೋರುವುದು ಕಡಿಮೆಯಾಗಲಿಲ್ಲ. ಇವರು ನಿಜವಾಗಿ ಕಡಿಮೆ ಕೊಟ್ಟಿದ್ದರೆ ಆಗಬೇಕಿತ್ತಲ್ಲವೇ? ಎರಡೆರಡು ಪುಡಿಮಾಡಿ ಚಹಾಕ್ಕೆ ಬೆರೆಸುತ್ತಿದ್ದಾರೋ ಏನೋ, ಯಾರು ಕಂಡರು? ಅವರು ಕೊಟ್ಟ ಚಹಾ ಈಗ ಬಚ್ಚಲಿಗೆ ಸುರಿಯುತ್ತಿದ್ದೇನೆ.

ಡಾಕ್ಟರಮ್ಮ ನನ್ನನ್ನೂ ಬಿಡಲಿಲ್ಲ. ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ, ನೋವಿನ ಮಾತ್ರೆ ಇದರ ಜೊತೆ ಸೇರಿದ್ರೆ ವಿಷ ಇದ್ದಹಾಗೆ ಅಂದರು. ಬೇರೆ ಮಾತ್ರೆ ಇಲ್ಲ ಅಂದೆ. ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. ಮಾತ್ರೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ಈ ಒಂದನ್ನು ನುಂಗುವಷ್ಟರಲ್ಲೇ ಸಾಕುಸಾಕಾಗುತ್ತದೆ.

ಅವತ್ತಿನಿಂದ ಇವರದು ಪತ್ತೇದಾರಿ ಕೆಲಸ. ನಾನು ಸ್ನಾನಕ್ಕೆ ಹೋದರೆ ನನ್ನ ಹೊಲಿಗೆ ಪೆಟ್ಟಿಗೆ ತಡಕುತ್ತಾರೆ. ಗಡಿಯಾರ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನನ್ನ ಒಸಡು ನೋಡುತ್ತಾರೆ. ನಿನ್ನೆ ನನ್ನೆದುರು ಕೂತು, ಏನೋ ಮುಚ್ಚಿಡ್ತಿದ್ದೀಯ, ನಿನ್ನ ಕಾಲು ಹಿಡ್ಕೋತೀನಿ, ಹೇಳಿಬಿಡೇ ಅಂತ ಅತ್ತರು. ನೋಡಿದೆಯಾ, ನನ್ನ ಮೇಲೇ ಗೂಬೆ ಕೂರಿಸುವುದು! ನನಗೂ ಅಳು ಬಂತು, ಆದರೆ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಈಗ ಅವರ ಕೈಯಿಂದ ಒಂದು ಲೋಟ ನೀರು ಕುಡಿಯಲೂ ಹೆದರುವ ಹಾಗಾಯಿತಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಇಂದು ಬೆಳಿಗ್ಗೆಯಿಂದ ತಲೆ ಬೇರೆ ಸಿಡಿಯುತ್ತಿದೆ.

ಬೇಗ ಬಾ. ಈ ಲೋಕದಲ್ಲಿ ನಾನು ನಂಬುವುದು ನಿನ್ನೊಬ್ಬಳನ್ನೇ.

ದಾರಿ ಕಾಯುತ್ತಿರುವ
ನಿನ್ನ ಅಕ್ಕ

ಮರೆತಿದ್ದೆ: ಬರುವಾಗ ನೀನು ಮಾಡುವ ಮಂಡಿನೋವಿನ ಪುಡಿ ತಾ. ನೋವು ಜಾಸ್ತಿಯಾಗಿ ಎರಡೆರಡು ಚಿಟಿಕೆ ಜೇನಿನಲ್ಲಿ ನೆಕ್ಕಿ, ನೀನು ಕಳಿಸಿದ್ದೆಲ್ಲ ಮುಗಿಯಿತು. ಮನೆಮದ್ದು ಅಂದರೆ ಇವರು ಉರಿದುಬೀಳುತ್ತಾರೆ ಅಂತ ಗುಂಡಿಗಳ ಡಬ್ಬಿಯಡಿ ಬಚ್ಚಿಟ್ಟಿದ್ದೆ. ಡಾಕ್ಟರಮ್ಮನಂತೂ ಪುಡಿಯ ಮಾತೇ ಎತ್ತಲಿಲ್ಲ. ಹೋದಸಲದ್ದರ ತಳದಲ್ಲಿ ಒಂದು ಮಾತ್ರೆಯ ಚೂರು ಹಾಗೇ ಉಳಿದಿತ್ತು ಕಣೇ. ಈ ಸಲ ಇನ್ನೂ ನುಣ್ಣಗೆ ಕುಟ್ಟು.