ಅಮ್ಮನ ದನಿ ಅಪಸ್ವರವಲ್ಲ

ಸೋಫಿಯಾ ನಗರ,
ಮೇ ಹನ್ನೆರಡು

ನನ್ನ ಮುದ್ದು ಅಮ್ಮಾ,

ಮೊದಲು ಸಿಹಿ ಸುದ್ದಿ. ಮದುವೆಯಾಗಿ ತಿಂಗಳಾದರೂ ನಿನ್ನ ಅಳಿಯ ಪ್ಲಾಮೆನ್‌ನನ್ನು ನೋಡಿದಾಗಲೆಲ್ಲ ನನಗೆ ಸುಮ್ಮನೆ ನಗು ಬರುತ್ತದೆ. ಬೆಳಿಗ್ಗೆ ತಿಂಡಿಗೆ ಚೀಸಿನ ಬಾನಿತ್ಸಾ ಮಾಡಲು ಹೋಗಿ ಸುಡುತ್ತಾನೆ, ಸುಟ್ಟ ಅಂಚನ್ನೆಲ್ಲ ತಾನೇ ತಿನ್ನುತ್ತಾನೆ. ಎಂಥ ಗಂಡ!

ಈಗ ಜಗಳದ ಸುದ್ದಿ. ನನ್ನ ಮೊದಲ ಆಲ್ಬಂಗೆ ನಾವಿಬ್ಬರೂ ಕೊಯ್ಲಿನ ಹಾಡು ಹಾಡಿದೆವಲ್ಲ, ನಾನು ಮೇಲೆ, ನೀನು ಕೆಳಗೆ ಒಂದೇ ಸ್ವರ ಹಿಡಿದು? ಅದರ ಸುತ್ತ ಪ್ಲಾಮೆನ್ ಕಂಪ್ಯೂಟರಿನಲ್ಲಿ ಕಟ್ಟಿರುವ ತಾಳ ಕೇಳಿದರೆ ನೀನೂ ಕುಣಿಯುತ್ತೀ, ನಿನ್ನಾಣೆ! ಆದರೆ ಮೊನ್ನೆ ಸಿದ್ಧವಾದ ಹಾಡು ಕೇಳುತ್ತೇನೆ, ಅದರಲ್ಲಿ ನೀನಿಲ್ಲ. ಯಾರೋ ತಲೆ ಬಾಚಿ ಪೌಡರು ಹಚ್ಚಿಕೊಂಡ ಹೆಂಗಸು ಹಾಡುತ್ತಿದ್ದಾಳೆ. ನಮ್ಮ ಎರಡು ದನಿ ಒಂದಕ್ಕೊಂದು ಉಜ್ಜಿ ಝೇಂಕರಿಸಬೇಕಾದ ಕಡೆಯಲ್ಲೆಲ್ಲ ನಿನ್ನದು ಅಪಸ್ವರವೆಂದು ಆಲ್ಬಂ ತರುವ ಕಂಪನಿಯವರು ಯಂತ್ರದಿಂದ ಎಳೆದು ದೂರ ಕೂರಿಸಿದ್ದಾರೆ.

ನೇರ ಆಫೀಸಿಗೇ ಹೋದೆ. ಕಂಪನಿಯ ಯಜಮಾನ ಗೆರ್ಗೊವ್, "ನೋಡಮ್ಮಾ, ನಿಮ್ಮ ತಾಯಿಗೆ ವಯಸ್ಸಾಯ್ತು, ಶ್ರುತಿ ಜಾರುತ್ತೆ. ತಿದ್ದಿದ್ದು ಒಳ್ಳೇದೇ ಆಯ್ತು" ಅಂದ.

"ಜಾರಿರೋದು ನಿಮ್ಮ ಕಿವಿ ಸ್ವಾಮಿ. ಹಾಗೆ ದನಿಗೆ ದನಿ ಉಜ್ಜಿ ಹಾಡದೇ ಇದ್ರೆ ನಮ್ಮ ಶೊಪ್ ಸೀಮೇಲಿ ಯಾರೂ ಮದುವೆಗೇ ಕರೆಯಲ್ಲ!" ಅಂದೆ.

ಅವನು ನಕ್ಕ. "ಇದನ್ನ ಯಾವ ರೇಡಿಯೊದವ್ರೂ ಹಾಕಲ್ಲ. ಅಮ್ಮನ್ನ ಬಿಡು, ಇಲ್ಲಾ ಆಲ್ಬಂ ಬಿಡು."

"ನಿಮ್ಮನ್ನೇ ಬಿಟ್ಟೆ" ಅಂದು ಬಾಗಿಲು ಧಡಾರನೆ ಹಾಕಿದೆ. ಸ್ಕಾರ್ಫ್ ಸಿಕ್ಕಿಕೊಂಡಿತು. ಬಾಗಿಲು ತೆರೆದು, ಬಿಡಿಸಿಕೊಂಡು, ಇನ್ನೊಮ್ಮೆ ಧಡಾರನೆ ಹಾಕಿದೆ!

ಆಲ್ಬಂ ನಾವೇ ತರುತ್ತೇವಮ್ಮ. ನೀನು ಹಾಡಿದ್ದು ಹಾಡಿದ ಹಾಗೇ ಇರುತ್ತದೆ. ಮುಖಪುಟದಲ್ಲಿ ನಮ್ಮಿಬ್ಬರ ಹೆಸರೂ ಇರುತ್ತದೆ, ನಿನ್ನದು ಮೊದಲು. ಪಕ್ಕದ ಮನೆಯವರು ನಗುತ್ತಾರೆ ಅನ್ನಬೇಡ, ನಗಲಿ.

ನಿನ್ನ ಹಟಮಾರಿ,
ರಾಲಿತ್ಸಾ

ತಾ.ಕ.: ನಿನ್ನ ದನಿ ತಿದ್ದಿದ್ದು ಕಂಪನಿಯವರಲ್ಲ, ಪ್ಲಾಮೆನ್. ನಿನಗೆ ಅವನ ಮೇಲೆ ಬೇಸರವಾದೀತೆಂದು ಹಾಗೆ ಬರೆದೆ. "ಅತ್ತೆ ತಪ್ಪು ಹಾಡಿದಾರೆ ಅಂದ್ಕೊಂಡೆ ಕಣೇ. ಹೇಳೋಕೆ ಭಯ ಆಯ್ತು, ಗುಟ್ಟಾಗಿ ಸರಿಮಾಡ್ದೆ" ಅಂತ ನಾನು ಆಫೀಸಿನಿಂದ ಬಂದ ಮೇಲೆ ಒಪ್ಪಿಕೊಂಡ. ಕಡಲತೀರದವನು, ನಮ್ಮ ಸೀಮೆಯ ಹಾಡು ಅವನಿಗೇನು ಗೊತ್ತು? ಮೊನ್ನೆಯಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ. ಶನಿವಾರ ಊರಿಗೆ ಎಳೆದು ತರುತ್ತೇನೆ. ಅವನನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ಹಾಡೋಣ. ಅಳಿಯನೆಂದು ದನಿ ತಗ್ಗಿಸಬೇಡ. ಅವನ ಹಲ್ಲು ನಡುಗಬೇಕು.