ಪತ್ತೆಯಿಲ್ಲದ ನೂರ ಹದಿನೆಂಟು

ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯ ನಿರ್ದೇಶಕರ ಘನ ಸನ್ನಿಧಾನಕ್ಕೆ,

ಮಾನ್ಯರೇ, ನಿಮ್ಮ ಆಹ್ವಾನಪತ್ರ ಕೈಸೇರಿತು. ‘ಯಾರನ್ನೂ ಹೊರಗಿಡದ ಸಂಶೋಧನೆ’ ಎಂಬ ಹೊಸ ಯೋಜನೆಗೆ ನನ್ನ ಅಕ್ಕನನ್ನು ಆದರದಿಂದ ಕರೆದಿದ್ದೀರಿ. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ನನ್ನ ದೂರು ಅದಲ್ಲ, ಸತ್ತವರನ್ನೂ ಒಳಗೊಳ್ಳುವ ನಿಮ್ಮ ಔದಾರ್ಯ ದೊಡ್ಡದು. ನನ್ನ ದೂರು ಇಷ್ಟೇ: ಅವಳು ಬದುಕಿದ್ದಾಗ ‘ಪತ್ತೆಯಿಲ್ಲ’ ಎಂದು ಬರೆದವರಿಗೆ ಈಗ ಮನೆ ನಂಬರಿನ ಸಮೇತ ವಿಳಾಸ ಸಿಕ್ಕಿದ್ದು ಹೇಗೆ?

ಅಕ್ಕ ನಿಮ್ಮ ಕಟ್ಟಡದ ನೆಲಮಾಳಿಗೆಯಲ್ಲೇ ಮೂವತ್ತು ವರ್ಷ ಬಟ್ಟೆ ಒಗೆದವಳು. ನಿಮ್ಮ ವಿಜ್ಞಾನಿಗಳ ಬಿಳಿ ಕೋಟುಗಳು ಅಷ್ಟು ಬೆಳ್ಳಗಿದ್ದುದರಲ್ಲಿ ವಿಜ್ಞಾನದ ಪಾಲೆಷ್ಟೋ ಕಾಣೆ, ಅವಳ ರಟ್ಟೆಯ ಪಾಲಂತೂ ಇತ್ತು. ರಕ್ತದೊತ್ತಡದ ಹೊಸ ಮಾತ್ರೆಯ ಪರೀಕ್ಷೆಗೆ ಜನ ಬೇಕೆಂದಾಗ ಹೆಸರು ಕೊಟ್ಟಳು. ಸಂಖ್ಯೆ ನೂರ ಹದಿನೆಂಟು ಆದಳು. ಆರು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಟ್ಟರು. ಎಪ್ಪತ್ತು ಕಿಲೋ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದ ಮಾತ್ರೆ. ಅಕ್ಕನ ತೂಕ, ಒದ್ದೆ ಸೀರೆಯನ್ನೂ ಸೇರಿಸಿದರೆ, ನಲವತ್ತೆರಡು.

ಎರಡನೇ ವಾರಕ್ಕೇ ತಲೆ ಸುತ್ತತೊಡಗಿತು.

“ಹೋಗಿ ಹೇಳ್ಬಾರ್ದಾ ಅಕ್ಕಾ?” ಎಂದೆ.

“ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಷ್ಟೇ ಅಂತೆ ಕಣೋ. ಆ ಹೊತ್ತಿಗೆ ಅವರ ಕೋಟೆಲ್ಲ ನನ್ನ ಯಂತ್ರದಲ್ಲಿರುತ್ತೆ. ನಾನು ಮೇಲೆ ಹೋದ್ರೆ ಅವ್ರು ಏನು ಹಾಕ್ಕೊಂಡು ನನ್ನ ನೋಡ್ತಾರೆ?”

ರಜೆ ಕೇಳಿದಳು. ಮೇಲ್ವಿಚಾರಕ ಹಾಸ್ಯಗಾರ. “ಏನಮ್ಮಾ, ಹೆಸರು ಕೊಡೋಕೂ ರಜೆ, ತಲೆ ಸುತ್ತುತ್ತೆ ಅಂತ ಹೇಳೋಕೂ ರಜೆನಾ? ಕೂತಲ್ಲೇ ಸುತ್ತಿಸ್ಕೊ.” ಸುತ್ತಲಿದ್ದವರು ನಕ್ಕರಂತೆ. ಅಕ್ಕನೂ ನಕ್ಕಳಂತೆ.

ಮೂರು ಭೇಟಿ ತಪ್ಪಿದವು. ಆಮೇಲೊಂದು ದಿನ, ಒಗೆಯುವ ಮುನ್ನ ಕೋಟುಗಳ ಜೇಬು ತಡವುವಾಗ ಅವಳಿಗೆ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ ‘೧೧೮: ಪತ್ತೆಯಿಲ್ಲ’ ಎಂದಿತ್ತು. ಎರಡು ಮಹಡಿ ಕೆಳಗೆ, ಅದನ್ನು ಬರೆದವರ ಕೋಟನ್ನೇ ಹಿಡಿದು ನಿಂತಿದ್ದವಳಿಗೆ ತಾನು ಕಳೆದುಹೋದ ಸುದ್ದಿ ಹೀಗೆ ತಿಳಿಯಿತು.

ಬಟ್ಟೆ ಕೋಣೆಯಲ್ಲೊಂದು ಕಟ್ಟಳೆಯಿದೆ ಮಾನ್ಯರೇ. ಜೇಬಿನಲ್ಲಿ ಸಿಕ್ಕ ಕಾಗದವನ್ನು ಇಸ್ತ್ರಿ ಮಾಡಿ, ಕೋಟು ಒಣಗಿದ ಮೇಲೆ ಅದೇ ಜೇಬಿಗೆ ಹಾಕಬೇಕು. ಅಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಳು: ‘ನಾನು ಕೆಳಗೆ ಬಟ್ಟೆ ಕೋಣೆಯಲ್ಲಿದ್ದೇನೆ. ತಲೆ ತುಂಬಾ ಸುತ್ತುತ್ತದೆ. ಮಾತ್ರೆ ನಿಲ್ಲಿಸಲಾ?’ ಇಸ್ತ್ರಿ ಮಾಡಿದಳು, ಜೇಬಿಗೆ ಹಾಕಿದಳು. ಮುಂದಿನ ವಾರ ಕೋಟು ಬಂತು. ಕಾಗದ ಅದೇ ಮಡಿಕೆಯಲ್ಲಿತ್ತು. ಮತ್ತೆ ಇಸ್ತ್ರಿ, ಮತ್ತೆ ಜೇಬು.

“ಕೈಗೇ ಕೊಡ್ಬಾರ್ದಾ?” ಎಂದು ರೇಗಿದೆ.

“ಜೇಬಿಂದ ಬಂದಿದ್ದು ಜೇಬಿಗೇ ಹೋಗ್ಬೇಕು. ಮೂವತ್ತು ವರ್ಷದಲ್ಲಿ ಒಂದಿನ ತಪ್ಪಿಲ್ಲ ನಾನು.”

“ಓದಿದೀಯ ಅಂತ ಗೊತ್ತಾದ್ರೆ ಬೈಯಲ್ವಾ?”

“ಬೈಯೋಕಾದ್ರೂ ಕೆಳಗೆ ಬರ್ತಾರಲ್ಲೋ!”

ಬರಲಿಲ್ಲ. ಕೊಟ್ಟ ಮಾತು ತಪ್ಪಬಾರದೆಂದು ಅವಳು ಮಾತ್ರೆ ನುಂಗುತ್ತಲೇ ಇದ್ದಳು. ಕಾಗದದಲ್ಲಿ ಬರೆದ ಐದನೇ ವಾರ ಕೋಟುಗಳ ಗಂಟು ಹೊತ್ತು ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಬಿದ್ದಳು. ಗಂಟು ಬಿಚ್ಚಿ ಕೋಟುಗಳೆಲ್ಲ ಮೆಟ್ಟಿಲ ಮೇಲೆ ಹರಡಿದ್ದವಂತೆ. ಅಕ್ಕನ ಸುತ್ತ ಅಷ್ಟೊಂದು ಬಿಳಿ ಕೋಟು ನೆರೆದದ್ದು ಅದೇ ಮೊದಲು. ಒಂದರೊಳಗೂ ವೈದ್ಯರಿರಲಿಲ್ಲ.

ಮಾತ್ರೆಯೇ ಕೊಂದಿತೆಂದು ನಾನು ಹೇಳಲಾರೆ, ನನಗದು ತಿಳಿಯದು. ತಿಳಿಯಬೇಕಾಗಿದ್ದವರು ನೀವು. ಅದಕ್ಕೇ ತಾನೆ ಜನರ ತೆರಿಗೆಯಿಂದ ಸಂಶೋಧನೆ ನಡೆಸುವುದು? ನಿಮ್ಮ ವರದಿಯಲ್ಲಿ ‘ತಲೆಸುತ್ತು: ಗಮನಾರ್ಹವಲ್ಲ’ ಎಂದಿದೆ. ನಿಜವಿರಬಹುದು. ಮಂಗಳವಾರ ಹತ್ತು ಗಂಟೆಗೆ ಬಿಡುವಿದ್ದವರಿಗೆ ತಲೆ ಸುತ್ತಿರಲಾರದು. ಸುತ್ತಿದವರು ಎಲ್ಲೆಲ್ಲಿ ಗುಡಿಸುತ್ತಿದ್ದರೋ, ಒಗೆಯುತ್ತಿದ್ದರೋ. ‘ಪತ್ತೆಯಿಲ್ಲ’ ಎಂದು ನೀವು ಬರೆದವರು ಮೂವತ್ತೊಂದು ಜನ. ಅವರಲ್ಲಿ ಇಪ್ಪತ್ತಾರು ಹೆಂಗಸರು. ಅವರೆಲ್ಲ ಎಷ್ಟನೇ ಮಹಡಿಯಲ್ಲಿದ್ದರು ಮಾನ್ಯರೇ?

ಅಂದು ಜೇಬಿನಿಂದ ಮೆಟ್ಟಿಲ ಮೇಲೆ ಬಿದ್ದಿದ್ದ ಆ ಪಟ್ಟಿ, ಅವಳದೇ ಇರಬೇಕೆಂದು, ಅಕ್ಕನ ಸಾಮಾನುಗಳ ಜೊತೆ ನನ್ನ ಕೈಸೇರಿತು. ನಾಲ್ಕು ಸಲ ಇಸ್ತ್ರಿ ಕಂಡು ಅಂಚು ಕಂದಿದೆ. ಅಂದಿನಿಂದ ಅಂಗಿ ಒಗೆಯಲು ಹಾಕುವ ಮುನ್ನ ನಾನು ಜೇಬು ತಡವುತ್ತೇನೆ. ಖಾಲಿಯೇ ಇರುತ್ತದೆ. ಆದರೆ ಒಮ್ಮೊಮ್ಮೆ, ಈಗಷ್ಟೇ ಯಾರೋ ಇಸ್ತ್ರಿ ಮಾಡಿಟ್ಟಂತೆ, ಬೆರಳಿಗೆ ಬೆಚ್ಚಗೆ ತಾಕುತ್ತದೆ. ತಕ್ಷಣ ಕೈ ತೆಗೆದುಬಿಡುತ್ತೇನೆ.

ಹೊಸ ಯೋಜನೆ ಶುರು ಮಾಡುವ ಮುನ್ನ ಹಳೆಯ ವರದಿ ತಿದ್ದಿ. ನೂರ ಹದಿನೆಂಟರ ಮುಂದೆ ‘ತಲೆ ಸುತ್ತಿತ್ತು, ಹೇಳಿದ್ದಳು, ನಾವು ಓದಲಿಲ್ಲ’ ಎಂದು ಬರೆಯಿರಿ. ಉಳಿದ ಮೂವತ್ತು ಜನರನ್ನು ಹುಡುಕಿ. ಪರೀಕ್ಷೆಯ ಮೇಜನ್ನು ವಾರಕ್ಕೊಮ್ಮೆ, ಕೆಲಸದ ಪಾಳಿ ಬದಲಾಗುವ ಹೊತ್ತಿಗೆ, ನೆಲಮಾಳಿಗೆಗೆ ಇಳಿಸಿ. ಮೆಟ್ಟಿಲು ಹದಿನೇಳೇ ಇವೆ, ನಾನು ಎಣಿಸಿದ್ದೇನೆ. ಅಲ್ಲಿಯವರೆಗೆ, ಕೋಟನ್ನು ಒಗೆಯಲು ಹಾಕುವ ಮುನ್ನ ದಯವಿಟ್ಟು ಜೇಬು ನೋಡಿಕೊಳ್ಳಿ. ಈಗ ಕೆಳಗೆ ಹೊಸಬಳೊಬ್ಬಳು ಬಂದಿದ್ದಾಳೆ.

ಇಂತಿ,
ನೂರ ಹದಿನೆಂಟರ ತಮ್ಮ
(ನಿಮ್ಮ ಆಹ್ವಾನ ತಲುಪಿದ ವಿಳಾಸದಲ್ಲೇ ಇದ್ದೇನೆ)