ಮೂರು ಕೂಗಳತೆಯ ಅಧ್ಯಾಯ

ಗೆಳತಿ ಸುಜಾತಾ,

ಸುತ್ತಿಬಳಸದೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದವೂ ಅರ್ಧಕ್ಕೇ ನಿಂತುಹೋಗುತ್ತದೆ. ನೀನು ಬರೆದ ಅಧ್ಯಾಯವನ್ನು ನಾನು ನನ್ನ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟೆ. ಅದರಿಂದ ನನಗೆ ಡಾಕ್ಟರೇಟ್ ಬಂತು. ನೀನು ಹೋಗಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ಮನಸ್ಸಿನಲ್ಲೇ ನಿನ್ನ ಜೊತೆ ಏನೇನೋ ಮಾತಾಡಿದ್ದೇನೆ, ಇದೊಂದನ್ನು ಬಿಟ್ಟು. ಸತ್ತವಳ ಹತ್ತಿರವೂ ಮುಚ್ಚಿಡಬಹುದು ಅಂದುಕೊಂಡಿದ್ದೆನಲ್ಲ, ಎಂಥವಳು ನಾನು?

ಹಾಸನದಲ್ಲಿ ಎಂ.ಎ. ಓದುವಾಗ ನೀನೇ ನನ್ನನ್ನು ಆ ಮುದುಕ ಫಾದರ್ ಮನೆಗೆ ಎಳೆದುಕೊಂಡು ಹೋದದ್ದು. ಚರ್ಚಿನ ಹಿಂದಿನ ಎರಡು ಕೋಣೆಯ ಮನೆ. ಭಾನುವಾರ ಮಧ್ಯಾಹ್ನ ಅವರು ನಮಗೆ ಗ್ರೀಕ್ ಅಕ್ಷರ ತಿದ್ದಿಸುತ್ತಿದ್ದರು. ‘ನನಗೆ ಬರೋದು ಬೈಬಲ್ ಗ್ರೀಕು ಮಕ್ಕಳೇ, ನಿಮ್ಮ ಯುದ್ಧದ ಕಾವ್ಯಕ್ಕೆ ನೀವೇ ದಾರಿ ಹುಡುಕಿಕೊಳ್ಳಬೇಕು’ ಎಂದಿದ್ದರು. ನೀನು ಅರಕಲಗೂಡಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನಾನು ಹೊಳೆನರಸೀಪುರದಿಂದ. ನಿನಗೆ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು, ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಆಮೇಲೂ ಹತ್ತು ವರ್ಷ ನಾವು ಆ ಭಾನುವಾರಗಳನ್ನು ಬಿಡಲಿಲ್ಲ. ನನ್ನ ಮದುವೆಯಾದ ವಾರವೂ ಬಿಡಲಿಲ್ಲ, ನೆನಪಿದೆಯಾ?

ಒಂದು ಸಲ ನಿಮ್ಮ ಮನೆಯ ಜಗಲಿಯ ಮೇಲೆ ನಾವಿಬ್ಬರೂ ಪುಸ್ತಕ ಹರಡಿಕೊಂಡು ಕೂತಿದ್ದಾಗ ನಿಮ್ಮವ್ವ ಅವರೆಕಾಯಿ ಸುಲಿಯುತ್ತಾ ಕೇಳಿದರು, ‘ಏನವ್ವಾ ಅದು, ಇಬ್ರೂವೆ ಅಷ್ಟೊಂದ್ ಓದ್ತೀರಾ?’

ನೀನು ಹೇಳಿದೆ, ‘ಟ್ರಾಯ್ ಅಂತ ಒಂದೂರು ಕಣವ್ವ. ಅಲ್ಲಿ ಹತ್ತು ವರ್ಸ ಯುದ್ಧ. ಅದರ ಮೇಲೆ ಎರಡು ದೊಡ್ ಕಾವ್ಯ ಅವೆ. ಒಂದು ಯುದ್ಧ ಮುಗಿಯಾಕ್ ಮುಂಚೇನೇ ನಿಂತೋಯ್ತದೆ, ಇನ್ನೊಂದು ಮುಗುದ್ಮೇಲೆ ಸುರುವಾಯ್ತದೆ. ಮಧ್ಯದ್ದ ಹೇಳಿದ್ದ ಪುಸ್ತಕಗಳು ಕಳ್ದೋದೋ. ನೂರಾರು ವರ್ಸ ಆದ್ಮೇಲೆ ಒಬ್ಬ ಕವಿ ಬಂದು ಆ ಮಧ್ಯದ್ದ ಪೂರ್ತಿ ಬರ್ದ.’

‘ಚೆಂದಾಗ್ ಬರ್ದವ್ನಾ?’

‘ದೊಡ್ ದೊಡ್ ಪಂಡಿತರು ಅವ್ನು ಬರೀ ನಕಲು ಮಾಡ್ದ ಅಂತಾರೆ. ನಾವು ಅಲ್ಲ ಅಂತೀವಿ.’

‘ಅನ್ನಿ ಅನ್ನಿ,’ ಅಂದು ನಿಮ್ಮವ್ವ ನಕ್ಕರು. ನನ್ನನ್ನು ಆಗ ಅವರು ‘ವನಜವ್ವ, ಬಾ, ಉಣ್ಣು’ ಅಂತ ಏಕವಚನದಲ್ಲೇ ಕರೆಯುತ್ತಿದ್ದರು.

ಗೊರೂರಿನ ಕೆಳಗೆ, ಹೊಳೆದಂಡೆಯಲ್ಲಿ ಕಳೆದ ಆ ಬೇಸಿಗೆಯ ಬೆಳಗ್ಗೆಯನ್ನು ನಾನು ಹೇಗೆ ಮರೆಯಲಿ? ಆ ಕವಿ ತನ್ನ ಕಾವ್ಯದಲ್ಲಿ ಒಂದೇ ಒಂದು ಕಡೆ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಎಳೆಯ ವಯಸ್ಸಿನಲ್ಲಿ ಕುರಿ ಮೇಯಿಸುತ್ತಿದ್ದಾಗ ವಾಗ್ದೇವಿಯರು ತನಗೆ ಹಾಡು ಕೊಟ್ಟರು ಎನ್ನುತ್ತಾನೆ. ಆ ಜಾಗ ನದಿಯಿಂದ ಮೂರು ಕೂಗಳತೆ ದೂರದಲ್ಲಿತ್ತಂತೆ. ಒಬ್ಬ ಕೂಗಿದರೆ ಎಷ್ಟು ದೂರ ಕೇಳುತ್ತದೋ ಅದರ ಮೂರರಷ್ಟು. ಗುಡ್ಡ ತೀರಾ ತಗ್ಗೂ ಅಲ್ಲ, ತೀರಾ ಎತ್ತರವೂ ಅಲ್ಲ. ವಿದ್ವಾಂಸರು ಇದನ್ನು ನಿಜವೆಂದು ಒಪ್ಪುವುದಿಲ್ಲ. ಕುರುಬನಿಗೆ ದೇವಿಯರು ಹಾಡು ಕೊಡುವುದು ಹಳೆಯ ಕವಿಗಳಿಂದ ಎತ್ತಿಕೊಂಡದ್ದು, ಗುಡ್ಡವೆಂದರೆ ಹದವಾದ ಶೈಲಿ, ಕೂಗಿನಿಂದ ದೂರವೆಂದರೆ ಗದ್ದಲದ ಕಾವ್ಯದಿಂದ ದೂರ, ಎಲ್ಲವೂ ಸಂಕೇತ ಎನ್ನುತ್ತಾರೆ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ನಾನೂ ಹಾಗೇ ಬರೆದಿದ್ದೆ. ನೀನು ಅದನ್ನು ಓದಿ, ‘ಏಳೇ, ಗೊರೂರಿಗೆ ಹೋಗೋಣ’ ಅಂದೆ.

ನೀನು ನೀರಿನ ಅಂಚಿನಲ್ಲಿ ನಿಂತು ಕೂಗಿದೆ. ನಾನು ಹೆಜ್ಜೆ ಎಣಿಸುತ್ತಾ ಗದ್ದೆ ಬದುವಿನ ಮೇಲೆ ಹಿಂದಕ್ಕೆ ನಡೆದೆ. ಕೇಳಿಸದೆ ಹೋದಾಗ ದುಪಟ್ಟ ಎತ್ತಿ ತೋರಿಸಿದೆ. ಅಲ್ಲಿಂದ ಇನ್ನೊಂದು ಕೂಗು, ಮತ್ತೊಂದು ಕೂಗು. ಕೊನೆಗೆ ಒಂದು ಸಣ್ಣ ದಿಬ್ಬದ ಮೇಲೆ ಬಂದು ಕೂತೆವು. ಹೊಳೆಯ ಸದ್ದೂ ಇಲ್ಲ, ಊರಿನ ಸದ್ದೂ ಇಲ್ಲ. ಆಗ ನೀನು ಹೇಳಿದೆ, ‘ನಮ್ ತಾತ ಗೌಡ್ರ ಮನೆ ಕುರಿ ಕಾಯ್ತಿದ್ದ ಕಣೇ. ಯಜಮಾನ್ರ ಕೂಗು ಕೇಳೋ ತಾವ ಕುಂತ್ರೆ ಹಾಡು ಬರಾಕಿಲ್ಲ ಅಂತಿದ್ದ. ಹಳೇ ಕಾವ್ಯದಲ್ಲಿ ಒಂದೇ ಕೂಗಳತೆ ಬರುತ್ತೆ. ಇವನು ಯಾಕೆ ಮೂರು ಅಂದ? ಒಂದು ಕೂಗಿಗೆ ಯಜಮಾನ ಕರೀಬೋದು. ಎರಡಕ್ಕೆ ಯಾರನ್ನಾದ್ರೂ ಕಳಿಸಿ ಕರೆಸ್ಬೋದು. ಮೂರಕ್ಕೆ ಯಾರೂ ಕರಿಯಾಕಾಗಲ್ಲ. ಆ ಜಾಗದ ಹೆಸರು ನೋಡು, ಸ್ವಾತಂತ್ರ್ಯದ ತೋಟ ಅಂತಾನೆ.’ ಸಂಕೇತವೇ ಇರಲಿ, ಕುರಿ ಕಾದವರ ಅಳತೆಯಿಂದ ಹುಟ್ಟಿದ ಸಂಕೇತ ಅದು. ಅದನ್ನು ನೋಡಲು ನಿನ್ನಂಥವಳೇ ಬೇಕಾಗಿತ್ತು. ನಮ್ಮ ಮನೆಯಲ್ಲೂ ಕುರಿಗಳಿದ್ದವು, ಸುಜಾತಾ. ಕಾಯುವವರು ಬೇರೆಯವರಿದ್ದರು.

ಜ್ವರವೆಂದು ನೀನು ಹಾಸನದ ಆಸ್ಪತ್ರೆಗೆ ಸೇರುವ ಹಿಂದಿನ ವಾರ ನೀನು ಕೈಯಲ್ಲಿ ಬರೆದ ನಲವತ್ತು ಪುಟಗಳನ್ನು ನನಗೆ ಕೊಟ್ಟಿದ್ದೆ. ‘ಓದಿ ಹೇಳೇ, ಎಲ್ಲಿ ಜಾಸ್ತಿ ಆಗಿದೆ ಅಂತ,’ ಅಂದೆ. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ನೀನಿರಲಿಲ್ಲ. ನಾನು ಹೇಳಲೇ ಇಲ್ಲ. ಎಲ್ಲೂ ಜಾಸ್ತಿಯಾಗಿರಲಿಲ್ಲ ಕಣೇ. ಒಂದು ಸಾಲೂ…

ಎರಡು ತಿಂಗಳಲ್ಲಿ ನನ್ನ ಪಿಎಚ್.ಡಿ. ನೋಂದಣಿಯ ಅವಧಿ ಮುಗಿಯುತ್ತಿತ್ತು. ‘ನಾಲ್ಕು ಅಧ್ಯಾಯ ಇದೆ, ಆದರೆ ಹೊಸದು ಏನಿದೆ ಇದರಲ್ಲಿ? ಎಲ್ಲ ಬೇರೆಯವರು ಹೇಳಿದ್ದೇ,’ ಎಂದು ನನ್ನ ಗೈಡ್ ಹಾಳೆಗಳನ್ನು ಮೇಜಿನ ಮೇಲೆ ತಳ್ಳಿದರು. ಮನೆಗೆ ಬಂದು ನಿನ್ನ ಪುಟಗಳನ್ನು ತೆಗೆದೆ. ಮೊದಲು ಒಂದು ಪ್ಯಾರಾ ಮಾತ್ರ, ನಿನ್ನ ಹೆಸರು ಹಾಕಿ, ಅಂದುಕೊಂಡೆ. ಆಮೇಲೆ ಎರಡು ಪುಟ. ಆಮೇಲೆ ಪೂರ್ತಿ ಟೈಪ್ ಮಾಡಿದೆ. ನಿನಗೆ ನೋಂದಣಿಯೇ ಇರಲಿಲ್ಲ, ಕಾಗದ ಹಾಳಾಗಿ ಹೋಗುವುದಕ್ಕಿಂತ ಬೆಳಕಿಗೆ ಬರಲಿ, ನೀನಿದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ… ಎಷ್ಟು ಸಮಾಧಾನ ಹೇಳಿಕೊಂಡೆ ಗೊತ್ತಾ ನನಗೆ ನಾನೇ? ಮೊದಲ ಪುಟದಲ್ಲಿ ‘ಗೆಳತಿಯ ನೆನಪಿಗೆ’ ಎಂದು ಹಾಕಿದೆ. ಹೆಸರನ್ನೂ ಹಾಕಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಉಳಿದದ್ದೆಲ್ಲ ಸಾಧಾರಣ. ಐದನೇ ಅಧ್ಯಾಯ ಮಾತ್ರ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಈ ವಿಚಾರ ನಿಮಗೆ ಹೊಳೆದದ್ದು ಹೇಗಮ್ಮಾ? ಮನೆಯಲ್ಲಿ ಯಾರಾದರೂ ಕುರಿ ಕಾಯುತ್ತಿದ್ದರಾ?’ ಎಂದರು. ಸುಜಾತಾ, ಆ ಕ್ಷಣದಲ್ಲಿ ಬಾಗಿಲು ತೆರೆದೇ ಇತ್ತು. ನಿನ್ನ ಹೆಸರು ಹೇಳಲು ಒಂದು ಉಸಿರು ಸಾಕಿತ್ತು. ನಾನು ಏನಂದೆ ಗೊತ್ತಾ? ‘ಹೌದು ಸಾರ್. ನಮ್ಮ ತಾತ.’ ನಿನ್ನ ತಾತನನ್ನೂ ತೆಗೆದುಕೊಂಡೆ.

ಕಾಲೇಜಿನಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ನಿಮ್ಮವ್ವ ಎಲ್ಲಿಂದ ಸುದ್ದಿ ತಿಳಿದುಕೊಂಡರೋ, ಎರಡು ಬಸ್ಸು ಹತ್ತಿಳಿದು ಬಂದುಬಿಟ್ಟಿದ್ದರು. ಇಸ್ತ್ರಿ ಮಾಡಿದ ಹಸಿರು ಸೀರೆ. ನನ್ನ ಕೆನ್ನೆ ಸವರಿ, ‘ನನ್ ಮಗ್ಳು ಇದ್ದಿದ್ರೆ ಎಷ್ಟ್ ಕುಸಿ ಪಡೋಳು ವನಜವ್ವಾ. ಅವ್ಳ ಆಸೆನೂ ನೀನೇ ತೀರ್ಸ್ದೆ ಕಣವ್ವ,’ ಅಂದರು. ಎರಡನೆಯ ಸಾಲಿನಲ್ಲಿ ಕೂತರು. ನನ್ನ ಗೈಡ್ ಹೇಳಿದ್ದನ್ನು ಕೇಳಿಕೊಂಡು ಪ್ರಿನ್ಸಿಪಾಲರು ಮೈಕು ಹಿಡಿದು ಶುರುಮಾಡಿದರು: ಇವರ ತಾತ ಕುರಿ ಕಾಯುತ್ತಿದ್ದರಂತೆ, ಯಜಮಾನರ ಕೂಗು ಕೇಳದ ಕಡೆ ಕೂತು ಹಾಡುತ್ತಿದ್ದರಂತೆ, ಅವರ ಮೊಮ್ಮಗಳು ಇಂದು ಗ್ರೀಕ್ ಕಾವ್ಯಕ್ಕೆ ಹೊಸ ಅರ್ಥ… ಜನ ಚಪ್ಪಾಳೆ ತಟ್ಟಿದರು. ನಿಮ್ಮವ್ವನೂ ತಟ್ಟಲು ಎತ್ತಿದ್ದ ಕೈ ಹಾಗೇ ನಿಂತಿತು. ನಾನು ನೋಡಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವರು ಗೇಟಿನ ಹತ್ತಿರ ಕಾಯುತ್ತಿದ್ದರು. ಜಗಳವಿಲ್ಲ, ಅಳುವಿಲ್ಲ. ಮೆಲ್ಲಗೆ ಕೇಳಿದರು.

‘ನೀವ್ ಹೇಳಿ ವನಜವ್ವ, ನಿಮ್ ತಾತನೂ ಕುರಿ ಕಾಯ್ತಿದ್ರಾ?’

ನೀವು. ಹತ್ತು ವರ್ಷ ‘ನೀನು’ ಅಂದ ಬಾಯಲ್ಲಿ ‘ನೀವು’ ಬಂದಿತ್ತು. ಅವರು ಒಂದು ಗಳಿಗೆ ಕಾದರು. ‘ಬಸ್ಸಿಗೊತ್ತಾಯ್ತು, ಬತ್ತೀನಿ,’ ಅಂದು ಹೊರಟುಹೋದರು. ನನ್ನ ಹೆಗಲ ಮೇಲೆ ಶಾಲು ಇತ್ತು, ಕೈಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಅವರ ಹಿಂದೆ ಓಡಬೇಕಿತ್ತಲ್ಲವಾ? ಓಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ತರಗತಿಯಲ್ಲಿ ಪಾಠ ಮಾಡುತ್ತಾ ಮಾಡುತ್ತಾ ನಿಂತುಬಿಡುತ್ತಿದ್ದೆ. ‘ಡಾಕ್ಟರ್’ ಎಂದು ಯಾರಾದರೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಹಾಸನಕ್ಕೆ ಹೋಗಿ ಫಾದರ್ ಎದುರು ಎಲ್ಲ ಹೇಳಿಕೊಂಡೆ. ಅವರಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಗಟ್ಟಿಯಾಗಿ ಹೇಳಬೇಕಾಯಿತು. ‘ನಾನು ಕದ್ದೆ ಫಾದರ್’ ಎಂದು ಎರಡು ಸಲ ಕೂಗಿ ಹೇಳಿದೆ. ಅಡುಗೆಯವಳು ಬಾಗಿಲಿಗೆ ಬಂದು ನೋಡಿ ಹೋದಳು. ಅವರು ‘ನನ್ನ ಹತ್ತಿರ ಹೇಳಿ ಹಗುರಾಗಿ ಹೋಗಬೇಡ. ಎಲ್ಲಿ ಸಹಿ ಮಾಡಿದ್ದೀಯೋ ಅಲ್ಲಿ ಹೋಗಿ ಹೇಳು,’ ಎಂದರು.

ಕಳೆದ ಸೋಮವಾರ ವಿಶ್ವವಿದ್ಯಾಲಯಕ್ಕೆ ಪತ್ರ ಕೊಟ್ಟೆ. ಐದನೇ ಅಧ್ಯಾಯ ಸುಜಾತಳದು, ಅವಳ ಕೈಬರಹದ ಪುಟಗಳು ಇಲ್ಲಿವೆ, ತಾತನ ವಿಷಯ ಸುಳ್ಳು, ಪದವಿ ವಾಪಸು ತೆಗೆದುಕೊಳ್ಳಿ ಎಂದು ಬರೆದೆ. ಗೈಡ್ ಕಾರಿಡಾರಿನಲ್ಲೇ ತಡೆದರು. ‘ಹುಚ್ಚು ಹಿಡಿದಿದೆಯೇನಮ್ಮಾ? ಹೋದವರು ಹೋದರು, ಅವರಿಗೆ ಯಾವ ಪದವಿ ಬೇಕು? ನಿನ್ನ ಕೆಲಸ ಹೋಗುತ್ತೆ.’ ಹೋಗುತ್ತದೆ. ಮುಂದಿನ ವಾರ ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕು. ನನಗೆ ಭಯವಾಗಿದೆ ಸುಜಾತಾ. ಧೈರ್ಯವಂತೆಯ ಹಾಗೆ ಬರೆಯುತ್ತಿಲ್ಲ.

ನಿನ್ನೆ ನಿಮ್ಮ ಮನೆಗೆ ಹೋದೆ. ನಿಮ್ಮವ್ವ ಜಗಲಿಯ ಮೇಲಿದ್ದರು. ‘ಬನ್ನಿ’ ಅಂದರು. ಕೂರಲು ಚಾಪೆ ಕೊಟ್ಟರು. ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕಾಲು ಹಿಡಿಯಲು ಬಾಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

‘ನನ್ ತಾವ ಹೇಳಿದ್ರೆ ನಾನೇನ್ ಮಾಡ್ಲಿ? ನಂಗೆ ಓದಾಕ್ ಬತ್ತದಾ, ಬರಿಯಾಕ್ ಬತ್ತದಾ? ತಗಂಡಿದ್ದು ಅವ್ಳದ್ದು. ಅವ್ಳಿಗೇ ಹೇಳಿ,’ ಅಂದರು.

ಅದಕ್ಕೇ ಈ ಕಾಗದ. ನಿನ್ನ ಕ್ಷಮೆ ಕೇಳಲು ಬರೆಯುತ್ತಿಲ್ಲ. ಕೊಡಲು ನೀನಿಲ್ಲ. ಕೊಡುವವರು ಬೇರೆ ಯಾರೂ ಇಲ್ಲ ಎನ್ನುವುದೂ ನನಗೆ ಗೊತ್ತು. ಆದರೆ ಒಂದು ಮಾತು ಕೊಡುತ್ತೇನೆ. ಸಮಿತಿ ಏನೇ ಹೇಳಲಿ, ಆ ನಲವತ್ತು ಪುಟಗಳನ್ನು ನಿನ್ನ ಹೆಸರಿನಲ್ಲಿ, ಒಂದು ಪದವನ್ನೂ ಬದಲಾಯಿಸದೆ ಅಚ್ಚು ಮಾಡಿಸುತ್ತೇನೆ. ಅದರಲ್ಲಿ ನನ್ನ ಹೆಸರು ಟೈಪ್ ಮಾಡಿದವಳೆಂದೂ ಬರುವುದಿಲ್ಲ.

ಇನ್ನೊಂದು ಸುದ್ದಿಯಿದೆ. ಇದನ್ನು ಬರೆಯಲೆಂದೇ ಇಷ್ಟು ಹೊತ್ತು ಅದೂ ಇದೂ ಬರೆದೆನೇನೋ. ನಾನು ಹೊರಡಲು ಎದ್ದಾಗ ನಿಮ್ಮವ್ವ ಒಳಗೆ ಹೋಗಿ, ಟ್ರಂಕಿನಿಂದ ಒಂದು ಕಂದು ಬಣ್ಣದ ಕವರು ತಂದರು. ‘ಅವ್ಳು ಹೋದ ವಾರಕ್ಕೆ ಬಂದಿದ್ದು. ಸರ್ಕಾರದ್ದು ಅಂತ ಪೋಸ್ಟಿನವ್ರು ಕೊಟ್ಟೋದ್ರು. ಅವ್ಳ ಹೆಸ್ರಿಗೆ ಬಂದಿದ್ದ ನಾನ್ ಯಾಕೆ ಒಡೀಲಿ ಅಂತ ಮಡಗಿದ್ದೆ. ಏನ್ ಬರ್ದವ್ರೆ, ನೋಡಿ.’

ಒಡೆದು ಓದಿದೆ. ನೀನು ನನಗೂ ಹೇಳಿರಲಿಲ್ಲವಲ್ಲೇ. ಪಿಎಚ್.ಡಿ. ಮಾಡಲು ಅಧ್ಯಯನ ರಜೆ ಬೇಕೆಂದು ಅರ್ಜಿ ಹಾಕಿದ್ದೆಯಂತೆ. ವಿಷಯ ಅಂತ ಇದ್ದ ಕಡೆ ನಿನ್ನ ಅಧ್ಯಾಯದ ಹೆಸರೇ ಇತ್ತು. ನೀನು ಆಸ್ಪತ್ರೆಗೆ ಸೇರುವ ಎರಡು ದಿನ ಮುಂಚೆ ಇಲಾಖೆಯ ಸಹಿಯಾಗಿದೆ.

ನಿಮ್ಮವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ‘ಅಂಗಾರೆ ಅವ್ಳು ಓದ್ಬೋದಿತ್ತಾ?’

‘ಓದ್ಬೋದಿತ್ತು ಅವ್ವ.’

‘ಇನ್ನೊಂದ್ಸಲ ಓದಿ,’ ಅಂದರು. ಇನ್ನೊಂದು ಸಲ ಓದಿದೆ. ಅವರು ಕಾಗದ ಇಸಕೊಂಡು, ಮಡಿಕೆ ಕೆಡದ ಹಾಗೆ ಮಡಚಿ ಕವರಿನೊಳಗಿಟ್ಟರು.

ನಿನಗೆ ರಜೆ ಮಂಜೂರಾಗಿದೆ, ಸುಜಾತಾ. ಪೂರ್ತಿ ಮೂರು ವರ್ಷ.

ವನಜ